ತಿದ್ದದೆ ಉಳಿದ ಉತ್ತರಪತ್ರಿಕೆಗಳು

ಗಿರಣಿಯ ಕಾರ್ಮಿಕರು ಮುಷ್ಕರ ಹೂಡಿದರೆ ಮಗ್ಗಗಳು ನಿಲ್ಲುತ್ತವೆ. ಬಸ್ಸಿನ ನೌಕರರು ಮುಷ್ಕರ ಹೂಡಿದರೆ ಊರೇ ನಿಲ್ಲುತ್ತದೆ. ವಿಶ್ವವಿದ್ಯಾನಿಲಯದ ಅಧ್ಯಾಪಕರು ಮುಷ್ಕರ ಹೂಡಿದರೆ ಏನು ನಿಲ್ಲುತ್ತದೆ? ನಿಜ ಹೇಳಬೇಕೆಂದರೆ ಮೊದಲ ಕೆಲವು ವಾರ ಏನೂ ನಿಲ್ಲುವುದಿಲ್ಲ. ತರಗತಿ ನಡೆಯದಿದ್ದರೆ ಹುಡುಗರು ಕ್ಯಾಂಟೀನಿನಲ್ಲಿ ಕೂರುತ್ತಾರೆ, ಹಾಸ್ಟೆಲಿನವರು ಊರಿಗೆ ಹೋಗಿ ಬರುತ್ತಾರೆ. ಕುಲಪತಿಗಳ ಕಚೇರಿಯಲ್ಲಿ ಫೈಲುಗಳು ಓಡಾಡುತ್ತಲೇ ಇರುತ್ತವೆ. ಸರ್ಕಾರಕ್ಕಂತೂ ಒಂದಿಷ್ಟು ಸಂಬಳ ಉಳಿತಾಯ. ಹೀಗಾಗಿ ಅಧ್ಯಾಪಕರ ಸಂಘಗಳು ಬಹಳ ಹಿಂದೆಯೇ ಒಂದು ಸತ್ಯವನ್ನು ಕಂಡುಕೊಂಡವು. ಈ ದೊಡ್ಡ ಯಂತ್ರವನ್ನು ನಿಜವಾಗಿ ನಿಲ್ಲಿಸಬಹುದಾದ ಜಾಗ ಒಂದೇ: ಪರೀಕ್ಷೆ ಮುಗಿದ ಮೇಲೆ ಉತ್ತರಪತ್ರಿಕೆಗಳ ಕಟ್ಟು ಬಂದು ಬೀಳುವ ಮೇಜು.

ಆ ಕಟ್ಟನ್ನು ಯಾರೂ ಬಿಚ್ಚದಿದ್ದರೆ ಫಲಿತಾಂಶವಿಲ್ಲ, ಅಂಕಪಟ್ಟಿಯಿಲ್ಲ, ಘಟಿಕೋತ್ಸವವಿಲ್ಲ. ಮುಂದಿನ ವರ್ಷದ ಪ್ರವೇಶವೂ ಇಲ್ಲ. ಅಧ್ಯಾಪಕರ ಬೇಡಿಕೆಗಳು ಸರಿಯೋ ತಪ್ಪೋ ಎಂಬ ಚರ್ಚೆ ಪತ್ರಿಕೆಗಳಲ್ಲಿ ಬೇಕಾದಷ್ಟು ನಡೆದಿದೆ. ನಮಗೆ ಕುತೂಹಲ ಹುಟ್ಟಿಸಿದ್ದು ಇನ್ನೊಂದು ಸಂಗತಿ. ತಿದ್ದುವವರು ಇಲ್ಲದಾಗ ವಿಶ್ವವಿದ್ಯಾನಿಲಯಗಳು ಅಂಕಗಳನ್ನು ಎಲ್ಲಿಂದ ತಂದವು? ಈ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಉತ್ತರ ಸಿಗುವುದು ಬ್ರಿಟನ್ನಿನಲ್ಲಿ, ಅದರಲ್ಲೂ 2023ರ ಬೇಸಿಗೆಯಲ್ಲಿ.

ಅಲ್ಲಿನ ವ್ಯವಸ್ಥೆ ನಮ್ಮದರಂತಲ್ಲ ಎಂಬುದನ್ನು ಮೊದಲೇ ಹೇಳಬೇಕು. ನಮ್ಮಲ್ಲಿ ಪಾಠ ಹೇಳುವವರು ಒಬ್ಬರು, ಪೇಪರ್ ತಿದ್ದುವವರು ಇನ್ನೊಬ್ಬರು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಹುಟ್ಟಿದಾಗ ಅವುಗಳಿಗೆ ಮಾದರಿಯಾದದ್ದು ಲಂಡನ್ ವಿಶ್ವವಿದ್ಯಾನಿಲಯ. ಕಾಲೇಜುಗಳು ಕಲಿಸಬೇಕು, ವಿಶ್ವವಿದ್ಯಾನಿಲಯ ಪರೀಕ್ಷೆ ಮಾಡಿ ಪದವಿ ಕೊಡಬೇಕು. ಅಂದು ಬಿದ್ದ ಆ ಅಚ್ಚು ಇಂದಿಗೂ ನಮ್ಮಲ್ಲಿ ಅಳಿದಿಲ್ಲ. ನಮ್ಮ ರಾಜ್ಯದ ವಿಶ್ವವಿದ್ಯಾನಿಲಯಗಳಲ್ಲಿ ಮೌಲ್ಯಮಾಪನಕ್ಕೆಂದೇ ಪ್ರತ್ಯೇಕ ಕುಲಸಚಿವರಿದ್ದಾರೆ. ಉತ್ತರಪತ್ರಿಕೆಯ ಮೇಲೆ ಹೆಸರಿಲ್ಲ, ಸಂಖ್ಯೆಯಿದೆ. ತಿದ್ದುವವರಿಗೆ ಅದು ಗುಲ್ಬರ್ಗದ ಹುಡುಗಿಯದೋ ಭಟ್ಕಳದ ಹುಡುಗನದೋ ತಿಳಿಯುವುದಿಲ್ಲ.

ಇಂಗ್ಲೆಂಡಿನಲ್ಲಿ ಹಾಗಲ್ಲ. ವರ್ಷವಿಡೀ ಪಾಠ ಹೇಳಿದ ಅಧ್ಯಾಪಕರೇ ಪ್ರಶ್ನೆ ತೆಗೆಯುತ್ತಾರೆ, ಅವರೇ ತಿದ್ದುತ್ತಾರೆ. ಇನ್ನೊಬ್ಬ ಸಹೋದ್ಯೋಗಿ ಅದನ್ನು ಮತ್ತೆ ನೋಡುತ್ತಾರೆ. ಬೇರೆ ವಿಶ್ವವಿದ್ಯಾನಿಲಯದಿಂದ ಬಂದ ಬಾಹ್ಯ ಪರೀಕ್ಷಕರು ಕೆಲವನ್ನು ಆರಿಸಿ ಪರಿಶೀಲಿಸುತ್ತಾರೆ. ಕೊನೆಗೆ ಪರೀಕ್ಷಾ ಮಂಡಳಿ ಕೂತು ಒಬ್ಬೊಬ್ಬ ವಿದ್ಯಾರ್ಥಿಯ ದರ್ಜೆಯನ್ನು ನಿರ್ಧರಿಸುತ್ತದೆ. ಈ ಬಾಹ್ಯ ಪರೀಕ್ಷಕರ ಪದ್ಧತಿ ಹುಟ್ಟಿದ್ದು 1832ರಲ್ಲಿ ಸ್ಥಾಪನೆಯಾದ ಡರ್ಹಮ್ ವಿಶ್ವವಿದ್ಯಾನಿಲಯದಲ್ಲಿ. ಹೊಸ ವಿಶ್ವವಿದ್ಯಾನಿಲಯದ ಪದವಿಯನ್ನು ಜನ ನಂಬಬೇಕಲ್ಲ? ಅದಕ್ಕಾಗಿ ಆಕ್ಸ್‌ಫರ್ಡಿನಿಂದ ಪರೀಕ್ಷಕರನ್ನು ಕರೆಸಿದರು. ಅಂದರೆ ಆ ದೇಶದಲ್ಲಿ ಪದವಿಯ ಮೇಲಿನ ನಂಬಿಕೆ ನಿಂತಿರುವುದು ಕಲಿಸಿದವರ ತೀರ್ಪು ಮತ್ತು ಹೊರಗಿನವರ ಸಾಕ್ಷಿ, ಈ ಎರಡರ ಮೇಲೆ. 2023ರಲ್ಲಿ ಎರಡನ್ನೂ ಅಲುಗಾಡಿಸಿದ ವಿಶ್ವವಿದ್ಯಾನಿಲಯಗಳ ಸಾಲಿನಲ್ಲಿ ಡರ್ಹಮ್ ಕೂಡ ಇತ್ತು.

ಅದಕ್ಕೂ ಹದಿನೇಳು ವರ್ಷ ಮೊದಲು ಒಂದು ದೊಡ್ಡ ತಾಲೀಮು ನಡೆದಿತ್ತು. 2006ರಲ್ಲಿ ಇಂಗ್ಲೆಂಡಿನ ವಿದ್ಯಾರ್ಥಿಗಳ ವಾರ್ಷಿಕ ಶುಲ್ಕ 3,000 ಪೌಂಡಿಗೆ ಏರುವುದಿತ್ತು. ಹೀಗೆ ಬರುವ ಹಣದ ಒಂದು ಭಾಗ ಅಧ್ಯಾಪಕರ ಸಂಬಳಕ್ಕೆ ಹೋಗುತ್ತದೆಂಬ ಭರವಸೆ ಸಿಕ್ಕಿತ್ತು, ಅದನ್ನು ಈಡೇರಿಸಿ ಎಂದು ಆಗ ಇದ್ದ ಎರಡು ಅಧ್ಯಾಪಕ ಸಂಘಗಳು ಮಾರ್ಚ್ 8ರಿಂದ ಮೌಲ್ಯಮಾಪನ ಬಹಿಷ್ಕರಿಸಿದವು. ರಾಷ್ಟ್ರೀಯ ವಿದ್ಯಾರ್ಥಿ ಒಕ್ಕೂಟ ಅಧ್ಯಾಪಕರ ಪರ ನಿಂತಿತು, ಆದರೆ ಕೆಲವು ಸ್ಥಳೀಯ ವಿದ್ಯಾರ್ಥಿ ಸಂಘಗಳು ಅಪಸ್ವರ ಎತ್ತಿದವು. ಜೂನ್ 1ರಂದು ಆ ಎರಡು ಸಂಘಗಳು ಸೇರಿ ಒಂದೇ ಒಕ್ಕೂಟವಾಯಿತು. ಅದಾಗಿ ಒಂದು ವಾರದೊಳಗೆ, ಮೂರು ವರ್ಷಗಳಲ್ಲಿ ಶೇ. 13.1 ಹೆಚ್ಚಳದ ಒಪ್ಪಂದಕ್ಕೆ ಬಂದು ಬಹಿಷ್ಕಾರ ನಿಂತಿತು. ಮೊದಲು ಕೇಳಿದ್ದು ಶೇ. 23. ಕೇಳಿದಷ್ಟು ಸಿಗಲಿಲ್ಲ, ಬರಿಗೈಯಲ್ಲೂ ಮರಳಲಿಲ್ಲ. ಪೇಪರ್ ತಿದ್ದದೆ ಕೂತರೆ ಆಡಳಿತ ಮಾತುಕತೆಗೆ ಬರುತ್ತದೆ ಎಂಬ ಪಾಠವನ್ನು ಒಕ್ಕೂಟ ಕಲಿತುಕೊಂಡಿತು. ಆಡಳಿತಗಳೂ ಪಾಠ ಕಲಿತವು, ಅದು ಗೊತ್ತಾಗಿದ್ದು ಆಮೇಲೆ.

2023ರ ಏಪ್ರಿಲ್ 20ರಂದು 145 ವಿಶ್ವವಿದ್ಯಾನಿಲಯಗಳಲ್ಲಿ ಬಹಿಷ್ಕಾರ ಶುರುವಾಯಿತು. ವರ್ಷಗಟ್ಟಲೆ ಬೆಲೆಯೇರಿಕೆಯ ಹಿಂದೆಯೇ ಉಳಿದ ಸಂಬಳ, ಮಿತಿ ಮೀರಿದ ಕೆಲಸದ ಹೊರೆ, ಹೆಣ್ಣು ಗಂಡಿನ ವೇತನದ ಅಂತರ, ವರ್ಷ ವರ್ಷವೂ ಕರಾರಿನ ಮೇಲೆ ದುಡಿಯುವ ತಾತ್ಕಾಲಿಕ ಅಧ್ಯಾಪಕರ ಪಾಡು, ಇವು ಬೇಡಿಕೆಗಳ ಪಟ್ಟಿಯಲ್ಲಿದ್ದವು. ಆಡಳಿತಗಳು ಶೇ. 5ರಿಂದ 8ರವರೆಗಿನ ಹೆಚ್ಚಳವನ್ನು ಸಂಘದ ಒಪ್ಪಿಗೆಯಿಲ್ಲದೆಯೇ ಜಾರಿಗೊಳಿಸಿಯಾಗಿತ್ತು. ಅಧ್ಯಾಪಕರು ಪಾಠ ನಿಲ್ಲಿಸಲಿಲ್ಲ. ಸಂಶೋಧನೆ, ಮಾರ್ಗದರ್ಶನ, ಸಭೆ, ಎಲ್ಲವೂ ನಡೆಯಿತು. ಅಂಕ ಹಾಕುವುದೊಂದನ್ನು ಬಿಟ್ಟರು. ಬಾಹ್ಯ ಪರೀಕ್ಷಕರೂ ರಾಜೀನಾಮೆ ಕೊಡಬೇಕೆಂದು ಒಕ್ಕೂಟ ಕರೆ ಕೊಟ್ಟಿತು.

ಆಡಳಿತದ ಮೊದಲ ಉತ್ತರ ಸಂಬಳ ಕಡಿತ. ಹಲವು ಕಡೆ ಶೇ. 50, ಕೆಲವು ಕಡೆ ಪೂರಾ ಶೇ. 100. ವಾರದಲ್ಲಿ ಐದು ದಿನ ಪಾಠ ಹೇಳಿದವರಿಗೆ ಒಂದು ಪೌಂಡೂ ಇಲ್ಲ ಎಂದರೆ ನಮ್ಮ ಓದುಗರಿಗೆ ನಂಬಲು ಕಷ್ಟವಾದೀತು. ಆದರೆ ಆ ದೇಶದ ಕಾನೂನು ಅದಕ್ಕೆ ಅವಕಾಶ ಕೊಡುತ್ತದೆ. ಆ ಕಾನೂನು ಬೆಳೆದುಬಂದ ಬಗೆ ಕಥೆಗಾರರಾದ ನಮಗೆ ಬಹಳ ಇಷ್ಟವಾಯಿತು. ವೇಕ್‌ಫೀಲ್ಡ್ ಎಂಬ ಊರಿನ ವಿವಾಹ ನೋಂದಣಾಧಿಕಾರಿಯೊಬ್ಬರು ಸಂಘದ ಹೋರಾಟದ ಭಾಗವಾಗಿ ಶನಿವಾರ ಬೆಳಿಗ್ಗೆ ಮದುವೆ ಮಾಡಿಸುವುದಿಲ್ಲ ಎಂದರು. ಶನಿವಾರ ಕಚೇರಿಗೆ ಬರುತ್ತಿದ್ದರು, ಬೇರೆ ಕೆಲಸ ಮಾಡುತ್ತಿದ್ದರು, ಮದುವೆ ಮಾತ್ರ ಇಲ್ಲ. ವಾರದ 37 ಗಂಟೆಗಳಲ್ಲಿ 3 ಗಂಟೆಯ ಸಂಬಳವನ್ನು ಪೌರಸಂಸ್ಥೆ ಹಿಡಿಯಿತು. 1987ರಲ್ಲಿ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠ ಅದನ್ನು ಎತ್ತಿಹಿಡಿಯಿತು. ಎರಡು ವರ್ಷದ ನಂತರ ಬಂದ ಇನ್ನೊಂದು ತೀರ್ಪು ಇದಕ್ಕಿಂತ ಕಠಿಣ. ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್ ಪೌರಸಂಸ್ಥೆಯ ವಸತಿ ವಿಭಾಗದ ನೌಕರರೊಬ್ಬರು ಕೌನ್ಸಿಲರುಗಳ ಪತ್ರಗಳಿಗೆ ಮಾತ್ರ ಉತ್ತರಿಸಲು ನಿರಾಕರಿಸಿ, ಉಳಿದೆಲ್ಲ ಕೆಲಸವನ್ನೂ ಐದು ವಾರ ಮಾಡಿದ್ದರು. ಹೋರಾಟ ಮುಗಿದ ಮೇಲೆ ಬಾಕಿ ಬಿದ್ದ ಪತ್ರಗಳಿಗೆಲ್ಲ ಉತ್ತರ ಬರೆಯಲು ಅವರಿಗೆ ಹಿಡಿದದ್ದು ಎರಡು ಮೂರು ಗಂಟೆ. ಹೋದದ್ದು ಐದೂ ವಾರಗಳ ಸಂಬಳ. ಅರೆಬರೆ ಕೆಲಸವನ್ನು ತಾನು ಒಪ್ಪುವುದಿಲ್ಲವೆಂದು ಮಾಲೀಕ ಮೊದಲೇ ತಿಳಿಸಿದ್ದರೆ, ಮಾಡಿದ ಕೆಲಸಕ್ಕೂ ಹಣ ಕೊಡಬೇಕಿಲ್ಲ ಎಂದಿತು ನ್ಯಾಯಾಲಯ. 2023ರಲ್ಲಿ ಅಧ್ಯಾಪಕರ ಕೈಸೇರಿದ ನೋಟಿಸುಗಳ ಬೆನ್ನಿಗೆ ಇದ್ದದ್ದು ಈ ಹಳೆಯ ತೀರ್ಪುಗಳೇ.

ಎರಡನೆಯ ಉತ್ತರ ಇನ್ನೂ ಸ್ವಾರಸ್ಯಕರ. ಕೆಲವು ವಿಶ್ವವಿದ್ಯಾನಿಲಯಗಳು ಪರೀಕ್ಷಾ ನಿಯಮಗಳನ್ನೇ ತಾತ್ಕಾಲಿಕವಾಗಿ ಸಡಿಲಿಸಿದವು. ಬಹಿಷ್ಕರಿಸದ ಸಹೋದ್ಯೋಗಿಗಳಿಗೆ ಕಟ್ಟುಗಳನ್ನು ಹಂಚಿದವು. ವಿಷಯ ಗೊತ್ತಿಲ್ಲದವರಿಂದ ತಿದ್ದಿಸುತ್ತಿದ್ದಾರೆಂದು ಒಕ್ಕೂಟ ಆರೋಪಿಸಿತು. ಅದೂ ಸಾಲದಾದಾಗ ಬಂದದ್ದು ಲೆಕ್ಕದಿಂದ ಹುಟ್ಟಿಸುವ ಅಂಕ. ಇದನ್ನು ಒಂದು ಉದಾಹರಣೆಯಿಂದ ನೋಡೋಣ. ಅಲ್ಲಿ 70ಕ್ಕೆ ಮೊದಲ ದರ್ಜೆ. 60ರಿಂದ 69 ಎರಡನೆಯ ದರ್ಜೆಯ ಮೇಲಿನ ಭಾಗ, 50ರಿಂದ 59 ಅದರ ಕೆಳಗಿನ ಭಾಗ. ಒಬ್ಬ ವಿದ್ಯಾರ್ಥಿನಿಗೆ ಕೊನೆಯ ವರ್ಷ ನಾಲ್ಕು ಪತ್ರಿಕೆ, ಒಂದು ಪ್ರಬಂಧ ಎಂದುಕೊಳ್ಳಿ. ಪ್ರಬಂಧದ ತೂಕ ಎರಡು ಪತ್ರಿಕೆಗಳಷ್ಟು. ನಾಲ್ಕು ಪತ್ರಿಕೆಗಳಲ್ಲಿ 66, 67, 68, 69 ಬಂದಿದೆ, ಪ್ರಬಂಧ ತಿದ್ದದೆ ಉಳಿದಿದೆ. ಇರುವ ನಾಲ್ಕರ ಸರಾಸರಿ 67.5. ಅದನ್ನೇ ಅವಳ ಒಟ್ಟು ಫಲಿತಾಂಶವೆಂದು ಹಿಡಿದರೆ ಎರಡನೆಯ ದರ್ಜೆಯ ಮೇಲಿನ ಭಾಗ. ಅವಳು ವರ್ಷವಿಡೀ ಗ್ರಂಥಾಲಯದಲ್ಲಿ ಕೂತು ಬರೆದ ಪ್ರಬಂಧಕ್ಕೆ 80 ಬರುವುದಿದ್ದರೆ ಒಟ್ಟು 71 ದಾಟಿ ಮೊದಲ ದರ್ಜೆ ಸಿಗುತ್ತಿತ್ತು. ಕೊನೆಯ ರಾತ್ರಿ ಗೀಚಿ ಕೊಟ್ಟು 42 ಬರುವುದಿದ್ದರೆ 59ಕ್ಕೆ ಇಳಿದು ಕೆಳಗಿನ ಭಾಗಕ್ಕೆ ಬೀಳುತ್ತಿತ್ತು. ಮೂರು ಬೇರೆ ಬೇರೆ ಬದುಕು. ಸರಾಸರಿಗೆ ಮಾತ್ರ ಮೂರೂ ಒಂದೇ.

ಅನ್ಯಾಯವಾಗಬಾರದೆಂದು ಅನೇಕ ಕಡೆ ಒಂದು ರಕ್ಷಣೆ ಕೊಟ್ಟರು. ಪ್ರಬಂಧವನ್ನು ಮುಂದೆ ತಿದ್ದಿದಾಗ ಅಂಕ ಹೆಚ್ಚಾದರೆ ದರ್ಜೆ ಏರಿಸುತ್ತೇವೆ, ಕಡಿಮೆಯಾದರೆ ಇಳಿಸುವುದಿಲ್ಲ ಎಂದರು. ವಿದ್ಯಾರ್ಥಿಯ ಕಣ್ಣಿನಿಂದ ನೋಡಿದರೆ ಇದು ನ್ಯಾಯವೇ, ಜಗಳ ಅವಳದಲ್ಲವಲ್ಲ. ಪದವಿಯ ಕಣ್ಣಿನಿಂದ ನೋಡಿದರೆ? ಒಂದೇ ದರ್ಜೆಯ ಕಾಗದ ಹಿಡಿದ ಇಬ್ಬರಲ್ಲಿ ಒಬ್ಬರದನ್ನು ಯಾರೋ ಓದಿದ್ದಾರೆ, ಇನ್ನೊಬ್ಬರದನ್ನು ಯಾರೂ ಓದಿಲ್ಲ. ಕೆಲಸ ಕೊಡುವವರಿಗೆ ಇದು ಹೇಗೆ ತಿಳಿಯಬೇಕು?

ಈ ಉಪಾಯ ಮುಷ್ಕರಕ್ಕೆಂದು ಹುಟ್ಟಿದ್ದಲ್ಲ. 2020ರಲ್ಲಿ ಕೊರೊನಾ ಬಂದು ಪರೀಕ್ಷಾ ಕೊಠಡಿಗಳು ಮುಚ್ಚಿದಾಗ, ಹಿಂದಿನ ಸಾಧನೆಗಿಂತ ಕಡಿಮೆ ಅಂಕ ಯಾರಿಗೂ ಬರದಂತೆ ನೋಡಿಕೊಳ್ಳುತ್ತೇವೆಂದು ವಿಶ್ವವಿದ್ಯಾನಿಲಯಗಳು ರೂಪಿಸಿದ ನಿಯಮ ಅದು. ಸಾವು ಮನೆಬಾಗಿಲಿಗೆ ಬಂದಿದ್ದ ಕಾಲಕ್ಕೆ ಮಾಡಿಕೊಂಡ ವಿನಾಯಿತಿ, ಮೂರು ವರ್ಷದ ನಂತರ ಸಂಬಳದ ಜಗಳದಲ್ಲಿ ಆಯುಧವಾಯಿತು. ಇನ್ನೂ ಒಂದು ವಿಪರ್ಯಾಸವಿದೆ. 2023ರಲ್ಲಿ ಇಂಗ್ಲೆಂಡಿನಲ್ಲಿ ಮೂರು ವರ್ಷದ ಪದವಿ ಮುಗಿಸಿದವರು 2020ರಲ್ಲಿ ಶಾಲೆ ಬಿಟ್ಟವರು. ಆ ವರ್ಷ ಶಾಲಾಂತ್ಯದ ಪರೀಕ್ಷೆ ರದ್ದಾಗಿ, ಗಣಕಯಂತ್ರದ ಸೂತ್ರವೊಂದು ಅವರ ದರ್ಜೆ ನಿರ್ಧರಿಸಿತ್ತು. ಶಿಕ್ಷಕರು ಅಂದಾಜಿಸಿದ ದರ್ಜೆಗಳಲ್ಲಿ ಸುಮಾರು ಶೇ. 40ರಷ್ಟನ್ನು ಆ ಸೂತ್ರ ಕೆಳಗಿಳಿಸಿತು. ಮಕ್ಕಳು ಬೀದಿಗಿಳಿದರು. ಆಗಸ್ಟ್ 17ರಂದು ಸರ್ಕಾರ ಹಿಂದೆ ಸರಿದು ಶಿಕ್ಷಕರ ಅಂದಾಜನ್ನೇ ಒಪ್ಪಿತು. ಅಂದರೆ ಒಂದೇ ಪೀಳಿಗೆ ವಿಶ್ವವಿದ್ಯಾನಿಲಯದೊಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಬರೆದದ್ದಕ್ಕೆ ಬದಲಾಗಿ ಲೆಕ್ಕವನ್ನು ಪಡೆಯಿತು.

ಎಲ್ಲ ವಿಶ್ವವಿದ್ಯಾನಿಲಯಗಳೂ ಹೀಗೆ ಅಂಕ ಹುಟ್ಟಿಸಲಿಲ್ಲ ಎಂಬುದನ್ನೂ ಹೇಳಬೇಕು. ಕೇಂಬ್ರಿಜ್‌ನಂಥ ಹಳೆಯ ವಿಶ್ವವಿದ್ಯಾನಿಲಯದಲ್ಲಿ ಪರೀಕ್ಷಾ ನಿಯಮ ಬಿಗಿ. ಹೀಗಾಗಿ ಅಲ್ಲಿ ಅಂತಿಮ ವರ್ಷದ ಅರ್ಧದಷ್ಟು ವಿದ್ಯಾರ್ಥಿಗಳು ಆ ಬೇಸಿಗೆಯಲ್ಲಿ ಪದವಿಯಿಲ್ಲದೆ ಕಾಯಬೇಕಾಯಿತು. ಎಡಿನ್‌ಬರೋ, ಡರ್ಹಮ್‌ಗಳಲ್ಲೂ ಕಾದವರ ಸಾಲು ಉದ್ದವಾಗಿತ್ತು. ಹಲವು ಕಡೆ ಘಟಿಕೋತ್ಸವ ಮಾತ್ರ ನಿಗದಿಯಾದ ದಿನವೇ ನಡೆಯಿತು. ಗೌನು ತೊಟ್ಟು, ಅಪ್ಪ ಅಮ್ಮನನ್ನು ಕರೆತಂದು, ವೇದಿಕೆ ಹತ್ತಿ ಕೈಕುಲುಕಿ ಇಳಿದವರಿಗೆ ತಮ್ಮ ದರ್ಜೆ ಏನೆಂದು ತಿಳಿದಿರಲಿಲ್ಲ. ಮದುವೆ ಊಟ ಮುಗಿಯಿತು, ನಿಕಾಹ್ ಬಾಕಿ ಎಂಬಂತೆ. ಆದರೂ ಆಲೋಚಿಸಿ ನೋಡಿದರೆ, ಓದದ ಪತ್ರಿಕೆಗೆ ಅಂಕ ಕೊಟ್ಟು ಸಮಯಕ್ಕೆ ಸರಿಯಾಗಿ ಕಾಗದ ಹಂಚಿದವರಿಗಿಂತ ‘ನಮಗೆ ಗೊತ್ತಿಲ್ಲ, ಕಾಯಿರಿ’ ಎಂದವರೇ ಹೆಚ್ಚು ಪ್ರಾಮಾಣಿಕರು ಎಂದು ನಮಗೆ ಅನಿಸುತ್ತದೆ. ಕಾಯುವವರ ಸಂಕಟ ಇದರಿಂದ ಕಡಿಮೆಯಾಗುವುದಿಲ್ಲ, ಅದು ಬೇರೆ ಮಾತು.

ಕಾಯುವವರಲ್ಲಿ ನಮ್ಮವರೂ ಇದ್ದರು. 2022-23ರ ಸಾಲಿನಲ್ಲಿ ಬ್ರಿಟನ್ನಿನ ವಿಶ್ವವಿದ್ಯಾನಿಲಯಗಳಿಗೆ ಹೊಸದಾಗಿ ಸೇರಿದ ವಿದೇಶಿ ವಿದ್ಯಾರ್ಥಿಗಳಲ್ಲಿ ಭಾರತೀಯರೇ ಎಲ್ಲರಿಗಿಂತ ಹೆಚ್ಚು. ಬೆಂಗಳೂರು, ಮಂಗಳೂರುಗಳಿಂದ ಬ್ಯಾಂಕಿನಲ್ಲಿ ಸಾಲ ಮಾಡಿ, ಮನೆ ಅಡವಿಟ್ಟು ಹೋದ ಮಕ್ಕಳೂ ಇವರಲ್ಲಿ ಸೇರಿದ್ದಾರೆ. ಇಂಥವರಿಗೆ ಅಂಕಪಟ್ಟಿಯ ಹಿಂದೆ ವೀಸಾ ನಿಂತಿರುತ್ತದೆ. ಓದು ಮುಗಿಸಿದ ಮೇಲೆ ಅಲ್ಲಿಯೇ ಉಳಿದು ಕೆಲಸ ಹುಡುಕುವ ವೀಸಾಕ್ಕೆ, ಓದು ಯಶಸ್ವಿಯಾಗಿ ಮುಗಿದಿದೆ ಎಂದು ವಿಶ್ವವಿದ್ಯಾನಿಲಯ ದೃಢೀಕರಿಸಬೇಕು. ಫಲಿತಾಂಶವೇ ಇಲ್ಲದಿದ್ದರೆ ದೃಢೀಕರಿಸುವುದೇನನ್ನು? ಕೊನೆಗೆ ಆ ದೇಶದ ಗೃಹ ಇಲಾಖೆಯೇ ಇಂಥ ವಿದ್ಯಾರ್ಥಿಗಳಿಗೆ ವಿನಾಯಿತಿ ಪ್ರಕಟಿಸಬೇಕಾಯಿತು. ಸಂಬಳದ ಜಗಳ ಗಡಿ ಕಾಯುವವರ ಕಚೇರಿಗೂ ಹೋಗಿ ಮುಟ್ಟಿತು.

ಆಡಳಿತಗಳ ಮಾತಿನಲ್ಲಿದ್ದ ಒಂದು ಇಬ್ಬಂದಿತನವನ್ನು ಇಲ್ಲಿ ಗಮನಿಸದೆ ಮುಂದೆ ಹೋಗಲಾಗದು. ಸಂಬಳ ಹಿಡಿಯುವಾಗ ಅವುಗಳಿಗೆ ಪೇಪರ್ ತಿದ್ದುವುದೇ ಅಧ್ಯಾಪಕರ ಸರ್ವಸ್ವ. ಅದೊಂದನ್ನು ಮಾಡದಿದ್ದರೆ ಉಳಿದ ದುಡಿಮೆಗೆ ಬೆಲೆಯಿಲ್ಲ. ಪತ್ರಿಕೆಗಳಿಗೆ ಹೇಳಿಕೆ ಕೊಡುವಾಗ ಮಾತ್ರ ಬಹುಪಾಲು ವಿದ್ಯಾರ್ಥಿಗಳಿಗೆ ತೊಂದರೆಯೇ ಆಗಿಲ್ಲ. ಎರಡೂ ನಿಜವಾಗಿರಲು ಹೇಗೆ ಸಾಧ್ಯ? ಅಧ್ಯಾಪಕರ ಸಂಘಕ್ಕೂ ಅದರದೇ ಇಕ್ಕಟ್ಟಿತ್ತು. ನಮ್ಮ ದುಡಿಮೆಯ ಸ್ಥಿತಿಯೇ ವಿದ್ಯಾರ್ಥಿಗಳ ಕಲಿಕೆಯ ಸ್ಥಿತಿ ಎಂದು ಅದು ಹೇಳುತ್ತಿತ್ತು. ಮಾತು ಸುಳ್ಳಲ್ಲ. ಆದರೆ ಅದರ ಕೈಯಲ್ಲಿದ್ದ ಏಕೈಕ ಆಯುಧದ ಮೊನೆ ತಾಗುತ್ತಿದ್ದದ್ದು ಅದೇ ವಿದ್ಯಾರ್ಥಿಗೆ.

ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿ ಒಪ್ಪಿಸಿ ಹೋದ ವಸ್ತು. ಇಟ್ಟುಕೊಂಡವರು ಅದನ್ನು ಕಾಪಾಡಿ, ಕೇಳಿದಾಗ ಇದ್ದ ಹಾಗೆಯೇ ಮರಳಿಸಬೇಕು. ಅದೇ ಪದ ಕನ್ನಡದ ಕಚೇರಿಗಳನ್ನು ಹೊಕ್ಕು, ನೌಕರನನ್ನು ಕೆಲಸದಿಂದ ತಡೆಹಿಡಿಯುವುದು ಎಂಬ ಅರ್ಥ ಪಡೆಯಿತು. ವಿದ್ಯಾರ್ಥಿ ಬರೆದುಕೊಟ್ಟ ಉತ್ತರಪತ್ರಿಕೆ ಉರ್ದುವಿನ ಅರ್ಥದಲ್ಲಿ ಅಮಾನತ್ತು. ಈ ಜಗಳಗಳಲ್ಲಿ ಅದು ಕನ್ನಡದ ಅರ್ಥದಲ್ಲೂ ಅಮಾನತ್ತಾಗುತ್ತದೆ.

ಬ್ರಿಟನ್ನಿನ ಬಹಿಷ್ಕಾರ 2023ರ ಸೆಪ್ಟೆಂಬರ್ ಆರಂಭದಲ್ಲಿ ಕೊನೆಗೊಂಡಿತು, ಸಂಬಳದಲ್ಲಿ ಹೊಸದಾಗಿ ಏನೂ ಸಿಗಲಿಲ್ಲ. ಹೋರಾಟ ಮುಂದುವರಿಸಲು ಮತ್ತೆ ಸದಸ್ಯರ ಮತ ಕೇಳಿದಾಗ ಶೇ. 43ರಷ್ಟು ಮಂದಿ ಕೂಡ ಮತ ಹಾಕಲಿಲ್ಲ. 2016ರ ಕಾರ್ಮಿಕ ಸಂಘಗಳ ಕಾಯ್ದೆಯ ಪ್ರಕಾರ ಅರ್ಧದಷ್ಟು ಸದಸ್ಯರಾದರೂ ಮತ ಹಾಕದಿದ್ದರೆ ಮುಷ್ಕರ ಆಗ ಕಾನೂನುಬದ್ಧವಾಗುತ್ತಿರಲಿಲ್ಲ. ಸಂಬಳ ಕಳೆದುಕೊಂಡು ಬೇಸಿಗೆ ಕಳೆದವರಲ್ಲಿ ಇನ್ನೊಂದು ಸುತ್ತಿಗೆ ಕಸುವು ಉಳಿದಿರಲಿಲ್ಲ. 2006ರಲ್ಲಿ ಮಾತುಕತೆ ತಂದ ಆಯುಧವೇ 2023ರಲ್ಲಿ ಮೊಂಡಾಯಿತು. ಓದದೆಯೂ ಅಂಕ ಕೊಡಬಹುದೆಂಬುದನ್ನು ಕೆಲವು ವಿಶ್ವವಿದ್ಯಾನಿಲಯಗಳಾದರೂ ನಡುವೆ ಕಲಿತುಬಿಟ್ಟಿದ್ದವು.

ಅಮೆರಿಕದಲ್ಲೂ ಇಂಥದ್ದು ನಡೆದಿದೆ. ಅಲ್ಲಿ ದೊಡ್ಡ ತರಗತಿಗಳಲ್ಲಿ ಅಂಕ ಹಾಕುವ ಕೆಲಸದ ಬಹುಪಾಲು ಸಂಶೋಧನಾ ವಿದ್ಯಾರ್ಥಿಗಳ ಹೆಗಲಿಗೆ ಬೀಳುತ್ತದೆ. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಇವರು 1995ರ ಕೊನೆಯಲ್ಲಿ ತಮ್ಮ ಸಂಘಕ್ಕೆ ಮಾನ್ಯತೆ ಕೊಡಿ ಎಂದು ಅಂಕಗಳನ್ನು ತಡೆಹಿಡಿದರು. ಮುಂದಾಳುಗಳ ಮೇಲೆ ಶಿಸ್ತುಕ್ರಮದ ಕತ್ತಿ ತೂಗಿತು. ಕೆಲವೇ ವಾರಗಳಲ್ಲಿ ಹೋರಾಟ ನಿಂತಿತು. 2023ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ಇಂಥದೇ ಮುಷ್ಕರದಲ್ಲಿ, ಪಾಠ ಮಾಡಿದವರನ್ನು ಬಿಟ್ಟು ಆಡಳಿತವೇ ಅಂಕ ತುಂಬಿತೆಂಬ ದೂರು ಕೇಳಿಬಂತು.

ನಮ್ಮ ದೇಶದ ವಿಷಯಕ್ಕೆ ಬಂದರೆ ಚಿತ್ರ ಬೇರೆ. ಇಲ್ಲಿ ಅಂಕ ಯಾರಿಗೂ ಸೇರಿದ್ದಲ್ಲ, ಹಾಗಾಗಿ ಬಹಿಷ್ಕಾರವೂ ಒಂದೊಂದು ವಿಭಾಗದ್ದಾಗಿರದೆ ಇಡೀ ರಾಜ್ಯದ್ದೋ ಇಡೀ ವಿಶ್ವವಿದ್ಯಾನಿಲಯದ್ದೋ ಆಗಿರುತ್ತದೆ. ಮಹಾರಾಷ್ಟ್ರದಲ್ಲಿ 2013ರ ಫೆಬ್ರವರಿ 4ರಿಂದ ಮೇ 10ರವರೆಗೆ ಕಾಲೇಜು ಅಧ್ಯಾಪಕರು ಪರೀಕ್ಷಾ ಕೆಲಸ ಬಹಿಷ್ಕರಿಸಿದರು. ಆರನೆಯ ವೇತನ ಆಯೋಗದ ಬಾಕಿ ಹಣ ಒಂದು ಬೇಡಿಕೆ. ನೆಟ್, ಸೆಟ್ ಪಾಸಾಗದೆ 1990ರ ದಶಕದಲ್ಲಿ ನೇಮಕಗೊಂಡವರ ಸೇವೆಯನ್ನು ಮಾನ್ಯ ಮಾಡುವುದು ಇನ್ನೊಂದು. ಅವರೂ ಆ ಅವಧಿಯಲ್ಲಿ ಪಾಠ ನಿಲ್ಲಿಸಿರಲಿಲ್ಲ. ಸರ್ಕಾರ 71 ದಿನಗಳ ಸಂಬಳ ತಡೆಹಿಡಿಯಿತು. ವ್ಯಾಜ್ಯ ಬೊಂಬಾಯಿ ಹೈಕೋರ್ಟಿನ ಮೆಟ್ಟಿಲೇರಿತು. ದೆಹಲಿ ವಿಶ್ವವಿದ್ಯಾನಿಲಯದಲ್ಲಿ 2016ರ ಮೇ ಕೊನೆಯಲ್ಲಿ ನಡೆದ ಮೌಲ್ಯಮಾಪನ ಬಹಿಷ್ಕಾರಕ್ಕೆ ಕಾರಣ ಯುಜಿಸಿ ಹೊರಡಿಸಿದ ಹೊಸ ನಿಯಮ. ಅದು ಅಧ್ಯಾಪಕರ ವಾರದ ಪಾಠದ ಗಂಟೆಗಳನ್ನು ಏರಿಸಿತ್ತು. ಇದ್ದವರೇ ಹೆಚ್ಚು ಪಾಠ ಮಾಡಿದರೆ ಸಾವಿರಾರು ತಾತ್ಕಾಲಿಕ ಉಪನ್ಯಾಸಕರು ಬೀದಿಗೆ ಬೀಳುತ್ತಾರೆ ಎಂಬುದು ಭಯ. ಗಂಟೆ ಏರಿಸಿದ ಭಾಗವನ್ನು ಕೇಂದ್ರ ಬೇಗನೆ ಹಿಂತೆಗೆದುಕೊಂಡಿತು, ಉಳಿದ ಬೇಡಿಕೆಗಳಿಗಾಗಿ ಬಹಿಷ್ಕಾರ ಕೆಲವು ವಾರ ಎಳೆಯಿತು.

ಕರ್ನಾಟಕದ ಓದುಗರಿಗೆ ಅದೇ ವರ್ಷದ ಪಿಯು ಪರೀಕ್ಷೆ ನೆನಪಿರಬಹುದು. ಅದು ವಿಶ್ವವಿದ್ಯಾನಿಲಯದ್ದಲ್ಲ, ಆದರೆ ವಿಶ್ವವಿದ್ಯಾನಿಲಯದ ಬಾಗಿಲು ಅದೇ. ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎರಡು ಸಲ ಸೋರಿಕೆಯಾಗಿ, ಮಾರ್ಚ್ 21ರ ಪರೀಕ್ಷೆ ಕೊನೆಗೆ ಏಪ್ರಿಲ್ 12ಕ್ಕೆ ಹೋಯಿತು. ಬರೆದು ಬಳಲಿದ ಮಕ್ಕಳು ಉಸಿರು ಬಿಡುವಷ್ಟರಲ್ಲಿ, ಜಿ. ಕುಮಾರ ನಾಯಕ್ ಸಮಿತಿಯ ವೇತನ ವರದಿಯನ್ನು ಜಾರಿಗೆ ತನ್ನಿ ಎಂದು ಉಪನ್ಯಾಸಕರು ಮೌಲ್ಯಮಾಪನ ಬಹಿಷ್ಕರಿಸಿದರು. ಬಹಿಷ್ಕಾರ ಮುಗಿದು ಫಲಿತಾಂಶ ಬಂದದ್ದು ಮೇ ಕೊನೆಯ ವಾರದಲ್ಲಿ. ಪರೀಕ್ಷೆ ಮುಗಿದು ಫಲಿತಾಂಶ ಬರುವ ನಡುವಿನ ಆ ಕಾಲ ನಮ್ಮ ಮನೆಗಳಲ್ಲಿ ಹೇಗಿರುತ್ತದೆಂದು ವಿವರಿಸಬೇಕಿಲ್ಲ. ಹೆಣ್ಣುಮಕ್ಕಳಿರುವ ಮನೆಯಲ್ಲಿ ಅದು ಇನ್ನೂ ಅಪಾಯದ ಕಾಲ. ‘ರಿಸಲ್ಟ್ ಬರಲಿ, ಆಮೇಲೆ ನೋಡೋಣ’ ಎಂಬ ಒಂದು ಮಾತಿನ ಆಸರೆಯಲ್ಲಿ ಎಷ್ಟೋ ಹುಡುಗಿಯರು ಬಂದ ಸಂಬಂಧಗಳನ್ನು ದೂರ ಇಡುತ್ತಿರುತ್ತಾರೆ. ರಿಸಲ್ಟ್ ತಡವಾದಷ್ಟೂ ಆ ಮಾತಿನ ಬಲ ಸವೆಯುತ್ತದೆ. ಮುಷ್ಕರದ ಲಾಭನಷ್ಟದ ಲೆಕ್ಕ ಹಾಕುವ ಯಾವ ವರದಿಯಲ್ಲೂ ಇದಕ್ಕೆ ಜಾಗವಿಲ್ಲ.

ಆದರೂ ಒಂದು ಮಾತು ಹೇಳಲೇಬೇಕು. ನಮ್ಮ ವ್ಯವಸ್ಥೆಯಲ್ಲಿ ಬಹಿಷ್ಕಾರ ಮುಗಿದ ಮೇಲೆ ಕಟ್ಟು ಬಿಚ್ಚುತ್ತಾರೆ, ತಿದ್ದುತ್ತಾರೆ. ತಡವಾಗಿಯಾದರೂ, ಅವಸರದಲ್ಲಾದರೂ ಯಾರೋ ಒಬ್ಬರು ಓದುತ್ತಾರೆ.

ನಮ್ಮ ಕಾನೂನೂ ವಿಚಿತ್ರವೇ. ಬೆಂಗಳೂರು ನೀರು ಸರಬರಾಜು ಮಂಡಳಿಯ ಪ್ರಕರಣದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟು ‘ಉದ್ಯಮ’ ಎಂಬ ಪದವನ್ನು ಎಷ್ಟು ಅಗಲ ಮಾಡಿತೆಂದರೆ ಶಿಕ್ಷಣ ಸಂಸ್ಥೆಗಳೂ ಅದರೊಳಗೆ ಬಂದವು. ಹತ್ತು ವರ್ಷದ ನಂತರ, ಗೋವೆಯ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ ಅದೇ ನ್ಯಾಯಾಲಯ ಶಿಕ್ಷಕರು ‘ಕಾರ್ಮಿಕರು’ ಅಲ್ಲ ಎಂದಿತು. ಕಲಿಸುವುದು ಉದಾತ್ತವಾದ ವೃತ್ತಿ, ಅದನ್ನು ಕೂಲಿ ಎನ್ನಲಾಗದು. ಹೀಗೆ ಶಾಲೆ ಕಾರ್ಖಾನೆಯಾಯಿತು, ಒಳಗಿರುವವರು ಮಾತ್ರ ಕಾರ್ಮಿಕರಾಗಲಿಲ್ಲ. 1990ರಲ್ಲಿ ಬ್ಯಾಂಕ್ ನೌಕರರ ನಾಲ್ಕು ಗಂಟೆಯ ಮುಷ್ಕರಕ್ಕೆ ಇಡೀ ದಿನದ ಸಂಬಳ ಹಿಡಿದದ್ದು ನ್ಯಾಯಾಲಯದ ಮುಂದೆ ಬಂದಾಗ ಅಂಥ ಕಡಿತಕ್ಕೆ ಅವಕಾಶವಿದೆ ಎಂದಾಯಿತು. 2003ರಲ್ಲಿ ತಮಿಳುನಾಡಿನ ನೌಕರರ ಪ್ರಕರಣದಲ್ಲಿ, ಸರ್ಕಾರಿ ನೌಕರರಿಗೆ ಮುಷ್ಕರ ಹೂಡುವ ನೈತಿಕ ಹಕ್ಕೂ ಇಲ್ಲವೆಂದು ಸುಪ್ರೀಂ ಕೋರ್ಟು ಹೇಳಿತು.

ಇವೆಲ್ಲ ಕಾಯಂ ಹುದ್ದೆಯವರ ಮಾತು. ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲನ್ನು ಹೊತ್ತಿರುವವರು ಅತಿಥಿ ಉಪನ್ಯಾಸಕರು. ಅವರ ಸಂಖ್ಯೆ ಹತ್ತು ಸಾವಿರದ ಮೇಲೆ. ಹೆಸರಿನಲ್ಲಿ ಅತಿಥಿಗಳು, ಹದಿನೈದು ಇಪ್ಪತ್ತು ವರ್ಷಗಳಿಂದ ಅಲ್ಲಿಯೇ ಇರುವವರೂ ಇದ್ದಾರೆ. 2021ರ ಡಿಸೆಂಬರಿನಲ್ಲಿ ಅವರು ತರಗತಿ ಬಹಿಷ್ಕರಿಸಿದಾಗ ಅವರಿಗೆ ಬರುತ್ತಿದ್ದದ್ದು ತಿಂಗಳಿಗೆ 11,000ದಿಂದ 13,000 ರೂಪಾಯಿ. 2022ರ ಜನವರಿಯಲ್ಲಿ ಸರ್ಕಾರ ಅದನ್ನು ಅರ್ಹತೆ, ಅನುಭವ ನೋಡಿ 26,000ದಿಂದ 32,000ಕ್ಕೆ ಏರಿಸಿತು. ಜೊತೆಗೇ ವಾರದ ಪಾಠದ ಗಂಟೆಗಳನ್ನು 15ಕ್ಕೆ ಹೆಚ್ಚಿಸಿತು. ಒಬ್ಬರು ಇಬ್ಬರ ಕೆಲಸ ಮಾಡುವಂತಾಗಿ, ಗೆದ್ದ ಹೋರಾಟದಲ್ಲೇ ಹಲವರು ಕೆಲಸ ಕಳೆದುಕೊಂಡರು. ಉಳಿದವರು ಸೇವೆ ಕಾಯಂ ಮಾಡಿ ಎಂದು 2023ರ ನವೆಂಬರಿನಲ್ಲಿ ಮತ್ತೆ ತರಗತಿಯಿಂದ ಹೊರಬಂದರು. ಸಾವಿರಾರು ಮೈಲು ಆಚೆ, ಬ್ರಿಟನ್ನಿನ ಅಧ್ಯಾಪಕರ ಒಕ್ಕೂಟ ಮತಪತ್ರಗಳನ್ನು ಎಣಿಸಿ ಸೋಲೊಪ್ಪಿದ್ದೂ ಅದೇ ತಿಂಗಳಲ್ಲಿ.